ಸ್ಪರ್ಧೆಗೆ ಬಂದ ಕಥೆ ಯಾರದು? ನಾನು ಅಳೆದ ಬಗೆ

ಈ ವರ್ಷ ನಮ್ಮ ಸಂಘದ ದೀಪಾವಳಿ ಕಥಾ ಸ್ಪರ್ಧೆ ಗಲಾಟೆ ಇಲ್ಲದೆ ಮುಗಿಯಿತು. ಬಂದ ಕಥೆ ಕಳಿಸಿದವರದ್ದೋ ಎಐ ಬರೆದದ್ದೋ ಎಂದು ನಾನು ಅಳೆಯಲು ಹೊರಟಾಗ ‘ಇದೆಲ್ಲ ನಿನ್ನ ಹುಚ್ಚು ಕಣಯ್ಯ’ ಎನ್ನುತ್ತಿದ್ದ ಕಾರ್ಯದರ್ಶಿಗಳೇ ಈಗ ಪಕ್ಕದ ತಾಲ್ಲೂಕಿನವರಿಗೆ ನನ್ನ ನಂಬರ್ ಕೊಡುತ್ತಿದ್ದಾರೆ. ದಿನಾ ಎರಡು ಮೂರು ಫೋನ್. ಹೇಳಿದ್ದನ್ನೇ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ, ಯೂನಿಕೋಡ್ ಅಕ್ಷರ, ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಸ್ವಲ್ಪ ಗೊತ್ತಿದೆ ಅಂತ ಇಟ್ಟುಕೊಂಡೇ ಬರೆಯುತ್ತೇನೆ. ನಾನು ಸಾಹಿತಿಯಲ್ಲ, 22 ವರ್ಷದಿಂದ ಡಿಟಿಪಿ ಅಂಗಡಿ ನಡೆಸುವವನು.

ಇದು ಶುರುವಾದದ್ದು ಎರಡು ವರ್ಷದ ಹಿಂದೆ, ಮಾನ ಹೋದಮೇಲೆ. ಹಳ್ಳಿಯ ಹೆಣ್ಣುಮಗಳೊಬ್ಬರ ಕಥೆ ಎರಡನೇ ಬಹುಮಾನಕ್ಕೆ ಬಂದಿತ್ತು. ‘ಇಷ್ಟು ನೀಟಾಗಿ ಯಾರು ಬರೀತಾರ್ರೀ?’ ಎಂದು ಸಮಿತಿಯಲ್ಲಿ ಒಬ್ಬರಿಗೆ ಅನುಮಾನ ಬಂತು. ಎಐ ಬರಹ ಪತ್ತೆ ಮಾಡುವ ಸೈಟೊಂದಕ್ಕೆ ನಾನೇ ದುಡ್ಡು ಕಟ್ಟಿ ಕಥೆ ಹಾಕಿದೆ. ಶೇ. 87 ಯಂತ್ರದ್ದು ಎಂದಿತು. ಬಹುಮಾನ ತಡೆದೆವು.

ನಾಲ್ಕನೇ ದಿನ ಆಕೆ ಬಸ್ಸು ಹತ್ತಿ ಅಂಗಡಿಗೇ ಬಂದರು. ಚೀಲದಿಂದ ಒಂದು ಲೆಕ್ಕದ ಪುಸ್ತಕ ತೆಗೆದು ಟೇಬಲ್ ಮೇಲಿಟ್ಟರು. ಮುಂದಿನಿಂದ ನೋಡಿದರೆ ಡೈರಿಗೆ ಹಾಕಿದ ಹಾಲಿನ ಲೆಕ್ಕ: ತಾರೀಕು, ಲೀಟರು, ಫ್ಯಾಟು, ರೂಪಾಯಿ. ತಿರುಗಿಸಿ ಹಿಂದಿನಿಂದ ನೋಡಿದರೆ ಕಥೆ. ಕಥೆಯ ಅತ್ತೆಗೆ ಮೊದಲ ಪುಟದಲ್ಲೇ ಮೂರು ಹೆಸರಿಟ್ಟು ಮೂರನ್ನೂ ಹೊಡೆದು ಹಾಕಿದ್ದರು. ಕೊನೆಗೆ ಅತ್ತೆಗೆ ಹೆಸರೇ ಇಲ್ಲ. ‘ಇದನ್ನೂ ಮಿಷನ್ನೇ ಗೀಚಿತಾ ಸರ್?’ ಎಂದರು. ಹಳೇ ಲೈಬ್ರರಿ ಪುಸ್ತಕ ಓದಿಯೇ ಕನ್ನಡ ಕಲಿತವರು. ಅದಕ್ಕೇ ಅಷ್ಟು ಶುದ್ಧ. ಕ್ಷಮೆ ಕೇಳಿದೆವು, ಬಹುಮಾನ ಕೊಟ್ಟೆವು. ಆಮೇಲೆ ಅವರು ನಮಗೆ ಕಥೆ ಕಳಿಸಿಲ್ಲ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. 200 ಕಥೆ ಬಂದವು ಅನ್ನಿ, ಅದರಲ್ಲಿ 20 ಎಐದು. ಸೈಟು ನೂರಕ್ಕೆ ತೊಂಬತ್ತು ಸಲ ಸರಿ ಹೇಳುತ್ತೆ ಅಂತಲೇ ಇಟ್ಟುಕೊಳ್ಳಿ. 20ರಲ್ಲಿ 18 ಹಿಡಿಯುತ್ತೆ, ಸರಿ. ಆದರೆ ಉಳಿದ 180 ಜನರಲ್ಲೂ 18 ಜನರನ್ನು ಹಿಡಿಯುತ್ತೆ. ಸಿಕ್ಕಿಬಿದ್ದ 36 ಜನರಲ್ಲಿ ಅರ್ಧಕ್ಕರ್ಧ ಏನೂ ತಪ್ಪು ಮಾಡದವರು! ಕನ್ನಡದಲ್ಲಿ ತೊಂಬತ್ತು ಎಲ್ಲಿಂದ ಬರಬೇಕು? ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನವರೇ 2023ರ ಜನವರಿಯಲ್ಲಿ ಇಂಥದ್ದೊಂದು ಬಿಟ್ಟಿದ್ದರು. ಇಂಗ್ಲಿಷಿನಲ್ಲೇ ಎಐ ಬರಹದ ಶೇ. 26 ಮಾತ್ರ ಹಿಡಿಯುತ್ತಿತ್ತು. ಮನುಷ್ಯರು ಬರೆದದ್ದರಲ್ಲಿ ಶೇ. 9ರಷ್ಟನ್ನು ಯಂತ್ರದ್ದು ಎನ್ನುತ್ತಿತ್ತು. ಜುಲೈಗೆ ಬಾಗಿಲು ಹಾಕಿದರು. ಇದನ್ನು ಮೊದಲೇ ಓದಿದ್ದರೆ ಮೂರು ತಿಂಗಳ ಚಂದಾ 5,400 ರೂಪಾಯಿ ನನ್ನ ಜೇಬಲ್ಲೇ ಇರುತ್ತಿತ್ತು.

ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಿದೆ. ಯಂತ್ರವೋ ಮನುಷ್ಯನೋ ಎಂದು ಕೇಳುವುದು ಬಿಟ್ಟೆ. ಈ ಕಥೆ ಇದೇ ಮನುಷ್ಯನ ಬೇರೆ ಬರಹದ ಹಾಗಿದೆಯಾ ಅಂತ ನೋಡೋಣ ಎಂದುಕೊಂಡೆ. ಪ್ರತಿಯೊಬ್ಬರಿಂದ ಎರಡು ಹಳೇ ಬರಹ ತರಿಸಿದೆವು. ಪತ್ರ, ಭಾಷಣ, ಏನಾದರೂ ಸರಿ.

ಅಮೆರಿಕದ ಫೆಡರಲಿಸ್ಟ್ ಪ್ರಬಂಧಗಳ ವಿಷಯ ಕೇಳಿರಬಹುದು, ಅಲ್ಲಿನ ಹೊಸ ಸಂವಿಧಾನದ ಪರವಾಗಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರು ಹೆಸರು ಮುಚ್ಚಿಟ್ಟು ಬರೆದವು. 85ರಲ್ಲಿ 12 ಯಾರದು ಎಂಬ ಜಗಳ. ಮೋಸ್ಟೆಲರ್, ವ್ಯಾಲೆಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಸೇರಿ ‘ಅಪಾನ್’ (upon) ಥರದ ಪುಟ್ಟ ಪದ ಎಣಿಸಿ 1964ರಲ್ಲಿ ಅವು ಮ್ಯಾಡಿಸನ್ನನವೇ ಎಂದರು. ನಾನೂ ಉತ್ಸಾಹದಿಂದ ಕನ್ನಡದ ಪುಟ್ಟ ಪದ ಎಣಿಸಲು ಕೂತೆ. ಎಣಿಸೋಕೆ ಏನಿದೆ? ನಮ್ಮ ಪುಟ್ಟ ಪದಗಳೆಲ್ಲ ದೊಡ್ಡ ಪದದ ಬಾಲಕ್ಕೆ ಅಂಟಿಕೊಂಡಿರುತ್ತವೆ. ಮನೆಯಲ್ಲಿ, ಮನೆಯಲ್ಲೂ, ಮನೆಯಲ್ಲೇ, ಮನೆಯಲ್ಲಂತೂ. ಕಂಪ್ಯೂಟರಿಗೆ ಇವು ಸಂಬಂಧವೇ ಇಲ್ಲದ ನಾಲ್ಕು ಪದ. ಒಂದು ತಿಂಗಳು ಹಾಳಾಯಿತು.

ಎರಡನೇ ಸೋಲು ನೆನೆದರೆ ಈಗಲೂ ನಗು ಬರುತ್ತದೆ. ಕೈಬರಹದಲ್ಲಿ ಬಂದ 31 ಕಥೆಗಳನ್ನೂ ಒಬ್ಬರೇ ಬರೆದಿದ್ದಾರೆ ಎಂದು ನನ್ನ ಸ್ಕ್ರಿಪ್ಟ್, ಅಂದರೆ ಎಣಿಸಲು ನಾನು ಬರೆದ ಪುಟ್ಟ ಪ್ರೋಗ್ರಾಂ, ಹೇಳಿತು. ಭಾರಿ ಮೋಸ ಸಿಕ್ಕಿತು ಅಂತ ಕಾರ್ಯದರ್ಶಿಗಳಿಗೆ ಫೋನೂ ಮಾಡಿಬಿಟ್ಟೆ. ಆ ‘ಒಬ್ಬರು’ ನಮ್ಮ ಅಂಗಡಿಯ ಹುಡುಗಿ! ಪುಟಕ್ಕೆ 25 ರೂಪಾಯಿಯಂತೆ ಅವಳೇ ಅಷ್ಟನ್ನೂ ಟೈಪ್ ಮಾಡಿದ್ದಳು. ‘ಅಂತ’ ಕಂಡಲ್ಲೆಲ್ಲ ‘ಎಂದು’ ಮಾಡಿದ್ದಳು. ಉದ್ದ ವಾಕ್ಯ ಸಿಕ್ಕರೆ ಮುರಿದಿದ್ದಳು. ಕೇಳಿದರೆ, ‘ತಿದ್ದಬಾರದು ಅಂತ ನೀವು ಹೇಳಿರಲಿಲ್ಲವಲ್ಲ ಅಣ್ಣಾ’ ಎಂದಳು. ಐದೂವರೆ ಸಾವಿರ ಕೊಟ್ಟು ಎಲ್ಲವನ್ನೂ ಅವಳ ಕಥೆ ಮಾಡಿಸಿಕೊಂಡಂತಾಯಿತು.

ಮೂರನೆಯದು ಇನ್ನೂ ಮಜಾ. ಮೊಬೈಲಲ್ಲಿ ಟೈಪ್ ಮಾಡಿದವರೆಲ್ಲ ಒಂದು ಗುಂಪು, ನುಡಿಯಿಂದ ಕನ್ವರ್ಟ್ ಆಗಿ ಬಂದವರೆಲ್ಲ ಇನ್ನೊಂದು ಗುಂಪು. ಕೆಲವರು ಅನುಸ್ವಾರ ‘ಂ’ ಬದಲು ಅಂಕಿಯ ಸೊನ್ನೆ ‘೦’ ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅದರ ಮೇಲೆ ಕಣ್ಣಿಗೇ ಕಾಣದ ಜೋಡಣೆ ಅಕ್ಷರಗಳು, ಕನ್ವರ್ಟರಿನಲ್ಲಿ ಜಾಗ ತಪ್ಪಿದ ಅರ್ಕಾವತ್ತು. ನಾನು ಅಳೆಯುತ್ತಿದ್ದದ್ದು ಬರೆದವರನ್ನಲ್ಲ, ಕೀಬೋರ್ಡನ್ನು. ಇದೊಂದು ಸ್ವಚ್ಛ ಮಾಡುವ ಕೆಲಸಕ್ಕೆ ಆರು ವಾರ ಹಿಡಿಯಿತು. ಹಳೇ ಲ್ಯಾಪ್‌ಟಾಪ್ ತಡೆಯಲಿಲ್ಲ, ರ‍್ಯಾಮ್‌ಗೆ 2,600. ಫೋನು, ಟೀ ಎಲ್ಲ ಸೇರಿ ಒಟ್ಟು 14 ಸಾವಿರದ ಹತ್ತಿರ ಹೋಗಿದೆ. ಸಂಘ ಕೊಟ್ಟದ್ದು ಆರು. ಮನೆಯವಳಿಗೆ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ.

ಕೊನೆಗೆ ಪದ ಬಿಟ್ಟೆ, ಪದದ ಬಾಲ ಹಿಡಿದೆ. ಕೊನೆಯ ನಾಲ್ಕೈದು ಚಿಹ್ನೆ ಕತ್ತರಿಸಿ ಎಣಿಸಿದೆ. ‘ಬಿದ್ದ’ ಬರೆಯುವವರು, ‘ಬಿದ್ದುಬಿಟ್ಟ’ ಬರೆಯುವವರು. ‘ಅಣ್ಣ ಮತ್ತು ತಮ್ಮ’ನವರು, ‘ಅಣ್ಣನೂ ತಮ್ಮನೂ’ನವರು. ಅಲ್ಲಿಂದ ಗಾಡಿ ಹೊರಟಿತು. ಯಾವ್ಯಾವ ಬಾಲ ಎಂಬ ಪಟ್ಟಿ ಕೊಡಲ್ಲ, ಬೇಜಾರಾಗಬೇಡಿ. ಸಾವಿರ ಪದಕ್ಕಿಂತ ಕಡಿಮೆ ಇದ್ದರೆ ಸುಮ್ನೆ ಟೈಮ್ ವೇಸ್ಟ್ ಅಂತ ಮಾತ್ರ ಹೇಳುತ್ತೇನೆ. ಯಾರದೆಂದು ಮೊದಲೇ ಗೊತ್ತಿದ್ದ 40 ಜೋಡಿ ಬರಹ ಕೊಟ್ಟು ನೋಡಿದೆ, 33ರಷ್ಟು ಸರಿ ಬಂದವು. ‘ನಾಲ್ಕು ಸಾಲು ಓದಿದ್ರೆ ನನಗೆ ಗೊತ್ತಾಗುತ್ತಪ್ಪ’ ಎನ್ನುತ್ತಿದ್ದ ನಮ್ಮ ಮೇಷ್ಟ್ರಿಗೂ ಅದೇ 40 ಕೊಟ್ಟೆ. ಅವರದು 22. ಒಂದು ವಾರ ಮಾತು ಬಿಟ್ಟಿದ್ದರು.

ಹುಮ್ಮಸ್ಸಿನಲ್ಲಿ ಕವಿರಾಜಮಾರ್ಗಕ್ಕೂ ಕೈಹಾಕಿದೆ. ರಾಜ ನೃಪತುಂಗ ಬರೆದನೋ ಅವನ ಆಸ್ಥಾನದ ಕವಿ ಶ್ರೀವಿಜಯನೋ, ನಾನೇ ಹೇಳಿಬಿಡುತ್ತೇನೆ ಅಂತ! ಶ್ರೀವಿಜಯನದು ಎನ್ನಲು ಬೇರೆ ಒಂದು ಕೃತಿಯೂ ಉಳಿದಿಲ್ಲ. ನೃಪತುಂಗನದೆನ್ನುವ ಇನ್ನೊಂದು ಸಂಸ್ಕೃತದ್ದು. ತಕ್ಕಡಿಯ ಇನ್ನೊಂದು ತಟ್ಟೆಗೆ ಏನು ಹಾಕಲಿ? ಎರಡು ಭಾನುವಾರ ಹೋದವು. ಆದರೆ ಅಲ್ಲಿ ಬರುವ ‘ನೃಪತುಂಗದೇವಾನುಮತ’ ಎಂಬ ಮಾತು ತಲೆಯಲ್ಲಿ ಉಳಿಯಿತು. ಒಬ್ಬ ಬರೆದ, ಇನ್ನೊಬ್ಬ ಒಪ್ಪಿದ. ಸುಮಾರು 1,150 ವರ್ಷದ ಹಿಂದೆಯೇ ಈ ತಕರಾರು ಇತ್ತು ಅನ್ನಿ.

ಈಗ ಅಸಲು ವಿಷಯ. 40ಕ್ಕೆ 33 ಎಂದರೆ ಯಾರನ್ನೂ ಕಳ್ಳ ಎನ್ನಲು ಸಾಲದು. ಹಾಗಾಗಿ ಸ್ಕ್ರಿಪ್ಟಿಗೆ ತೀರ್ಪು ಹೇಳುವ ಅಧಿಕಾರ ಕೊಡಲಿಲ್ಲ. ಯಾರ ಜೊತೆ ಮಾತಾಡಬೇಕು ಎಂದಷ್ಟೇ ಅದು ಹೇಳಬೇಕು. ಒಬ್ಬ ಪ್ರಾಮಾಣಿಕನನ್ನು ತಪ್ಪಾಗಿ ಹಿಡಿಯುವುದು ಎಷ್ಟು ಎಐ ಕಥೆ ಕೈತಪ್ಪಿ ಹೋಗುವುದಕ್ಕೆ ಸಮ ಎಂದು ಸಮಿತಿಯನ್ನು ಕೇಳಿದೆ. ಒಬ್ಬರು ಐದು ಎಂದರು, ಇನ್ನೊಬ್ಬರು ಐವತ್ತು. ಚೌಕಾಸಿ ಮಾಡಿ ಇಪ್ಪತ್ತಕ್ಕೆ ನಿಂತೆವು. ಲಕೋಟೆ ಒಡೆದು ಹೆಸರು ನೋಡುವ ಮೊದಲೇ ಅದನ್ನು ಬರೆದು ಐದೂ ಜನ ಸಹಿ ಹಾಕಿದೆವು. ಹೆಸರು ನೋಡಿದ ಮೇಲೆ ಲೆಕ್ಕ ಬದಲಾಗುತ್ತೆ, ನಮ್ಮ ಊರು ನನಗೆ ಗೊತ್ತು.

ಬಂದದ್ದು 187 ಕಥೆ. ಸ್ಕ್ರಿಪ್ಟ್ ಎತ್ತಿ ತೋರಿಸಿದ್ದು 23. ಅದರ ಜೊತೆ ಸುಮ್ನೆ ಚೀಟಿ ಎತ್ತಿ 12 ಸೇರಿಸಿದೆ. ಫೋನ್ ಬಂದರೆ ಅನುಮಾನ ಅಂತ ಯಾರಿಗೂ ಅನ್ನಿಸಬಾರದು ನೋಡಿ. ಮಾತಾಡುವವರಿಗೂ ಯಾರು ಯಾವ ಗುಂಪು ಎಂದು ಹೇಳಿರಲಿಲ್ಲ. ಕೇಳುವ ಮೊದಲ ಪ್ರಶ್ನೆ: ಈ ಕಥೆಯಿಂದ ಏನೇನು ತೆಗೆದುಹಾಕಿದಿರಿ? ಬರೆದವರಾದರೆ ಹತ್ತು ನಿಮಿಷ ಬಿಡುವುದಿಲ್ಲ. ತೆಗೆದದ್ದರ ಸಂಕಟ ಅವರಿಗೆ ಇರುತ್ತೆ. ಎರಡನೇ ಪ್ರಶ್ನೆ ಹೇಳುವುದಿಲ್ಲ, ಮುಂದಿನ ವರ್ಷವೂ ಸ್ಪರ್ಧೆ ಇದೆ. ಯಾರನ್ನೂ ಏನೂ ಅನ್ನಲಿಲ್ಲ. ಒಂಬತ್ತು ಜನ ತಾವೇ ಕಥೆ ವಾಪಸ್ ತೆಗೆದುಕೊಂಡರು. ಅದರಲ್ಲಿ ಎಂಟು ಸ್ಕ್ರಿಪ್ಟ್ ಎತ್ತಿದ್ದವು, ಒಂದು ಚೀಟಿಯದ್ದು. ಅಂದರೆ ಕೈತಪ್ಪಿ ಹೋದವು ಇನ್ನೂ ಇವೆ. ಇರಲಿ.

ವಾಪಸ್ ಪಡೆದವರಲ್ಲಿ ವಕೀಲರೊಬ್ಬರಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆ ತೋರಿಸಿದರು. ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ, ಅದನ್ನು ಸೃಷ್ಟಿಸುವಂತೆ ಮಾಡಿದವನೇ ಕರ್ತೃ ಎಂದು ಅದರ ಎರಡನೇ ಸೆಕ್ಷನ್ನಿನಲ್ಲೇ ಇದೆ. ಸುಳ್ಳಲ್ಲ, ಇದೆ. ‘ಹಾಗಾದರೆ ನಿಮ್ಮ ಕಥೆಯ ಅಜ್ಜ ಯಾಕೆ ಬಾವಿಗೆ ಹೋದ ಸಾರ್?’ ಎಂದು ಮೇಷ್ಟ್ರು ಕೇಳಿದರು. ವಕೀಲರು ಕಾಗದ ಮಡಚಿಟ್ಟುಕೊಂಡರು.

ಇನ್ನೊಂದು ಕಥೆ ಮಾತ್ರ ನಮ್ಮನ್ನು ಸುಸ್ತು ಮಾಡಿತು. ಅಜ್ಜಿಯೊಬ್ಬರು ಮೊಬೈಲಿಗೆ ಬಾಯಲ್ಲಿ ಹೇಳಿದ್ದು. ಮೊಮ್ಮಗ ಅದನ್ನು ಎಐಗೆ ಕೊಟ್ಟು ‘ಚೆಂದ’ ಮಾಡಿಸಿ ಕಳಿಸಿದ್ದ. ಏನು ತೆಗೆದಿರಿ ಎಂದರೆ ಅಜ್ಜಿಗೆ ಎಲ್ಲ ನೆನಪಿದೆ, ವಾಕ್ಯ ಒಂದೂ ಅವರದಲ್ಲ. ಒಂದು ಸಂಜೆ ಪೂರ್ತಿ ಜಗಳವಾಡಿದೆವು. ಕೊನೆಗೆ ಮೊಮ್ಮಗನಿಂದ ಮೂಲ ರೆಕಾರ್ಡಿಂಗ್ ತರಿಸಿ ಹಾಕಿದೆವು. ಚೆಂದ ಮಾಡಿದ್ದರಲ್ಲಿ ‘ಆಕೆ ತುಂಬಾ ದುಃಖಿತಳಾದಳು’ ಎಂದಿತ್ತು. ಅಜ್ಜಿ ಹೇಳಿದ್ದು, ‘ಅವತ್ತು ಅವಳು ಒಲೆ ಹಚ್ಚಲೇ ಇಲ್ಲ.’ ನಮ್ಮ ಹುಡುಗಿ ಅದನ್ನು ಕೇಳಿಕೊಂಡು ಟೈಪ್ ಮಾಡಿದಳು, ಒಂದಕ್ಷರ ತಿದ್ದದೆ. ಅದಕ್ಕೇ ಮೂರನೇ ಬಹುಮಾನ ಬಂತು.

ಮುಂದಿನ ವರ್ಷದ ಅರ್ಜಿಯಲ್ಲಿ ಮೂರು ಕಾಲಂ ಇಡುತ್ತಿದ್ದೇವೆ: ಕಥೆ ಯಾರದು, ವಾಕ್ಯ ಯಾರದು, ಟೈಪ್ ಮಾಡಿದವರು ಯಾರು. ಮಾದರಿ ಬೇಕಾದವರಿಗೆ ವಾಟ್ಸಾಪ್ ಮಾಡುತ್ತೇನೆ. ಹಾಲಿನ ಲೆಕ್ಕದ ಪುಸ್ತಕದ ಆ ತಾಯಿಗೂ ಒಂದು ಅರ್ಜಿ ಅಂಚೆಯಲ್ಲಿ ಕಳಿಸಿದ್ದೇನೆ.