ಜಿರಳೆಯ ಓಟವನ್ನು ಮಾಡೆಲ್ ಚೆಕರ್‌ನಲ್ಲಿ ಪರೀಕ್ಷಿಸುವುದು ಹೇಗೆ?

ಜಿರಳೆಯ ಹಿಂದಿನಿಂದ ಮೆಲ್ಲಗೆ ಊದಿ ನೋಡಿ. ಸುಮಾರು 50 ಮಿಲಿಸೆಕೆಂಡ್‌ನಲ್ಲಿ ಅದು ಓಟ ಕಿತ್ತಿರುತ್ತದೆ. ನಾವು ಒಂದು ಸಲ ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಇಷ್ಟು ಬೇಗ ಓಡಿಸುವ ನರಗಳ ಜೋಡಣೆ ಹೇಗಿದೆ ಎಂದು ವಿಜ್ಞಾನಿಗಳು ಹಲವು ದಶಕಗಳಿಂದ ಹುಡುಕಿದ್ದಾರೆ. 1940ರ ದಶಕದಲ್ಲಿ ಕೆನೆತ್ ರೋಡರ್, 1970ರ ದಶಕದಲ್ಲಿ ಜೆಫ್ರಿ ಕ್ಯಾಮ್ಹಿ ಮತ್ತು ಜತೆಗಾರರು ಇದರ ದೊಡ್ಡ ಭಾಗವನ್ನು ಬಿಡಿಸಿಟ್ಟರು. ಆ ವಿವರಣೆ ಓದಿ "ಸರಿ, ಅರ್ಥವಾಯಿತು" ಅನಿಸುವುದು ಸುಲಭ. ನಿಜಕ್ಕೂ ಅರ್ಥವಾಗಿದೆಯೇ ಎಂದು ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಒಂದಿದೆ. ಅದನ್ನು ಒಂದು ಪುಟ್ಟ ಮಾದರಿಯಾಗಿ ಬರೆದು, ಮಾಡೆಲ್ ಚೆಕರ್ ಎಂಬ ತಂತ್ರಾಂಶಕ್ಕೆ ಕೊಡುವುದು. ಮಾದರಿ ಹಿಡಿಯಬಹುದಾದ ಪ್ರತಿಯೊಂದು ದಾರಿಯಲ್ಲೂ ಅದು ಹೋಗಿಬರುತ್ತದೆ. ತಪ್ಪು ಸಿಕ್ಕರೆ, ಅಲ್ಲಿಗೆ ಹೇಗೆ ಬಂದಿತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ.

ಮೊದಲ ಹೆಜ್ಜೆ: ನರದ ದಾರಿ ಬರೆದುಕೊಳ್ಳಿ

ಕಂಪ್ಯೂಟರ್ ಆಮೇಲೆ. ಮೊದಲು ಕಾಗದ, ಪೆನ್ಸಿಲ್.

ಅಮೆರಿಕನ್ ಜಿರಳೆಯ ಹಿಂತುದಿಯಲ್ಲಿ ಎರಡು ಸಣ್ಣ ಕೊಂಬಿನಂಥ ಅಂಗಗಳಿವೆ. ಇವಕ್ಕೆ ಸರ್ಸೈ ಎನ್ನುತ್ತಾರೆ. ಒಂದೊಂದರ ಕೆಳಮೈಯಲ್ಲಿ ಗಾಳಿ ಗ್ರಹಿಸುವ ಸುಮಾರು 220 ಕೂದಲುಗಳಿವೆ. ಗಾಳಿಗೆ ಕೂದಲು ಬಾಗಿದರೆ ಅದರ ಬುಡದ ನರಕೋಶ ಸಂಕೇತ ಕಳಿಸುತ್ತದೆ. ಅದು ಹೊಟ್ಟೆಯ ಕೊನೆಯ ನರಗಂಟಿಗೆ (ನರಕೋಶಗಳ ಗೊಂಚಲಿಗೆ) ಹೋಗುತ್ತದೆ. ಅಲ್ಲಿ ಏಳು ಜೋಡಿ, ಅಂದರೆ 14 ದೈತ್ಯ ನರಕೋಶಗಳು ಕಾದಿರುತ್ತವೆ. ಅವುಗಳ ಉದ್ದನೆಯ ಎಳೆಗಳು ಸಂಕೇತವನ್ನು ಎದೆಭಾಗದ ಮೂರು ನರಗಂಟುಗಳಿಗೆ ಮುಟ್ಟಿಸುತ್ತವೆ. ಕಾಲುಗಳನ್ನು ಆಡಿಸುವ ನರಕೋಶಗಳು ಇರುವುದು ಅಲ್ಲೇ.

ಕಾಲುಗಳದ್ದೂ ಒಂದು ಕ್ರಮವಿದೆ. ಒಂದು ಬದಿಯ ಮುಂಗಾಲು, ಹಿಂಗಾಲು ಮತ್ತು ಇನ್ನೊಂದು ಬದಿಯ ನಡುಗಾಲು ಒಟ್ಟಿಗೆ ಏಳುತ್ತವೆ. ಆಗ ಉಳಿದ ಮೂರು ನೆಲದ ಮೇಲಿರುತ್ತವೆ.

ಎರಡನೇ ಹೆಜ್ಜೆ: ಧೈರ್ಯವಾಗಿ ಕತ್ತರಿಸಿ

ಹೊಸಬರು ಎಡವುವುದು ಇಲ್ಲೇ. ಎಲ್ಲವನ್ನೂ ಹಾಕಬೇಕು ಎಂಬ ಆಸೆ ಇರುತ್ತದೆ, ಅಲ್ವಾ? ಸ್ವಲ್ಪ ಲೆಕ್ಕ ಹಾಕಿ. ಆರು ಕಾಲು, ಒಂದೊಂದಕ್ಕೆ ಮೇಲೆ ಅಥವಾ ಕೆಳಗೆ ಎಂಬ ಎರಡೇ ಸ್ಥಿತಿ ಎಂದರೂ 64 ಜೋಡಣೆ. 14 ದೈತ್ಯ ನರಕೋಶಗಳಿಗೆ ಆನ್, ಆಫ್ ಎಂದರೆ 16,384. ಎರಡನ್ನೂ ಗುಣಿಸಿದರೆ 10,48,576. ಇಲ್ಲಿಯವರೆಗೆ ಲ್ಯಾಪ್‌ಟಾಪ್ ಆರಾಮಾಗಿ ನಿಭಾಯಿಸುತ್ತದೆ. ಆದರೆ 440 ಕೂದಲನ್ನೂ ಬಿಡಿಬಿಡಿಯಾಗಿ ಸೇರಿಸಿದರೆ, ಕೂದಲುಗಳ ಲೆಕ್ಕವೇ 130 ಅಂಕಿ ದಾಟುತ್ತದೆ. ಯಾವ ಯಂತ್ರವೂ ಅದನ್ನು ಒಂದೊಂದಾಗಿ ಎಣಿಸಿ ಮುಗಿಸಲಾರದು.

ಹಾಗಾಗಿ ಕೂದಲುಗಳನ್ನೆಲ್ಲ "ಗಾಳಿ ಎಡದಿಂದ", "ಗಾಳಿ ಬಲದಿಂದ" ಎಂಬ ಎರಡು ಸಂಕೇತಗಳಿಗೆ ಇಳಿಸಿ. ದೈತ್ಯ ನರಕೋಶಗಳನ್ನು ಎಡ ಗುಂಪು, ಬಲ ಗುಂಪು ಮಾಡಿ. ಕಾಲುಗಳು ಮೂರು ಮೂರರ ಎರಡು ತಂಡ. ನಿಮ್ಮ ಪ್ರಶ್ನೆಗೆ ಬೇಕಾದಷ್ಟು ಉಳಿದರೆ ಸಾಕು.

ಮೂರನೇ ಹೆಜ್ಜೆ: ಉಪಕರಣ ಆರಿಸಿ

ನಾನು ಸ್ಪಿನ್ ಎಂಬ ಮಾಡೆಲ್ ಚೆಕರ್ ಹೇಳುತ್ತೇನೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಜೆರಾರ್ಡ್ ಹೋಲ್ಝ್‌ಮನ್ ಕಟ್ಟಿದ್ದು. 1991ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಇದರ ಭಾಷೆ ಪ್ರೊಮೆಲಾ. ಒಟ್ಟಿಗೆ ಓಡುವ ಪ್ರಕ್ರಿಯೆಗಳು, ಅವುಗಳ ನಡುವೆ ಸಂದೇಶ ಸಾಗಿಸುವ ಚಾನೆಲ್‌ಗಳು, ಇಷ್ಟೇ ಅದರ ಜೀವಾಳ. ನರಕೋಶಗಳ ಕೆಲಸವೂ ಹೆಚ್ಚುಕಡಿಮೆ ಹಾಗೇ ಇದೆ. ಆದರೆ ಸ್ಪಿನ್‌ಗೆ ಗಡಿಯಾರ ಗೊತ್ತಿಲ್ಲ. 50 ಮಿಲಿಸೆಕೆಂಡ್ ಮೀರಿತೇ ಎಂದು ಕೇಳಬೇಕಿದ್ದರೆ ಉಪ್ಸಾಲಾ ಮತ್ತು ಆಲ್‌ಬೋರ್ಗ್ ವಿಶ್ವವಿದ್ಯಾಲಯಗಳು ಕಟ್ಟಿದ, ಸಮಯವನ್ನೂ ಲೆಕ್ಕಕ್ಕೆ ಹಿಡಿಯುವ ಉಪ್ಪಾಲ್ ಎಂಬ ಮಾಡೆಲ್ ಚೆಕರ್ ಬಳಸಿ.

ನಾಲ್ಕನೇ ಹೆಜ್ಜೆ: ಮಾದರಿ ಬರೆಯಿರಿ

ಗಾಳಿಗೆ ಒಂದು ಪ್ರಕ್ರಿಯೆ, ನರಕೋಶದ ಗುಂಪುಗಳಿಗೆ ಎರಡು, ಕಾಲುತಂಡಗಳಿಗೆ ಎರಡು. ಪ್ರೊಮೆಲಾದ "ಇಫ್"ನಲ್ಲಿ ಒಂದು ಸೊಗಸಿದೆ. ಹಲವು ಆಯ್ಕೆಗಳು ಒಟ್ಟಿಗೆ ಸಾಧ್ಯವಿದ್ದರೆ ಯಾವುದನ್ನು ಬೇಕಾದರೂ ಹಿಡಿಯಬಹುದು. ಪರೀಕ್ಷಿಸುವಾಗ ಸ್ಪಿನ್ ಎಲ್ಲವನ್ನೂ ನೋಡುತ್ತದೆ. ಜಿರಳೆಗೆ ಇದು ಹೇಳಿ ಮಾಡಿಸಿದಂತಿದೆ. ಜಿರಳೆ ಪ್ರತಿ ಸಲ ಒಂದೇ ಕೋನದಲ್ಲಿ ಓಡುವುದಿಲ್ಲ. ಅಪಾಯ ಬಂದ ದಿಕ್ಕಿನಿಂದ ಸುಮಾರು 90, 120, 150, 180 ಡಿಗ್ರಿ ಎಂಬ ಕೆಲವು ಕೋನಗಳಲ್ಲಿ ಒಂದನ್ನು ಆರಿಸುತ್ತದೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈ ನಾಲ್ಕನ್ನೂ ಇಫ್‌ನ ನಾಲ್ಕು ಆಯ್ಕೆಗಳಾಗಿ ಬರೆಯಿರಿ.

ಐದನೇ ಹೆಜ್ಜೆ: ನಿಯಮ ಬರೆದು ಓಡಿಸಿ

ಎರಡು ನಿಯಮ ಸಾಕು. ಒಂದು: ಎರಡೂ ಕಾಲುತಂಡಗಳು ಒಟ್ಟಿಗೆ ಗಾಳಿಯಲ್ಲಿ ಇರಬಾರದು. ಇನ್ನೊಂದು: ಗಾಳಿ ಬೀಸಿದರೆ ಯಾವಾಗಲಾದರೂ ಓಟ ಶುರುವಾಗಲೇಬೇಕು. ಇವನ್ನು ಕಾಲತರ್ಕದ ("ಯಾವಾಗಲೂ", "ಎಂದಾದರೂ" ಎಂಬುದನ್ನು ಹೇಳಬಲ್ಲ ತರ್ಕದ) ಸೂತ್ರಗಳಾಗಿ ಬರೆಯಬೇಕು. ಸ್ಪಿನ್ ನಿಮ್ಮ ಮಾದರಿಯನ್ನು ಒಂದು ಸಿ ಭಾಷೆಯ ಪ್ರೋಗ್ರಾಮ್ ಆಗಿ ಬದಲಿಸಿಕೊಡುತ್ತದೆ. ಅದನ್ನು ಕಂಪೈಲ್ ಮಾಡಿ ಓಡಿಸಿ. ತಪ್ಪು ಸಿಕ್ಕರೆ, ಅಲ್ಲಿಗೆ ಬಂದ ಹೆಜ್ಜೆಗಳನ್ನು ಹೇಳುವ ಒಂದು ಟ್ರೇಲ್ ಕಡತ ಹುಟ್ಟುತ್ತದೆ.

ಈ ಕಡತವನ್ನು ಸುಮ್ನೆ ಮುಚ್ಚಿಡಬೇಡಿ. ನಿಜವಾದ ಕಲಿಕೆ ಇದರಲ್ಲೇ ಇದೆ. ನನ್ನ ಮೊದಲ ಮಾದರಿಯಲ್ಲಿ ಎರಡು ನಿಯಮಗಳೂ ಮುರಿದವು. ಒಂದು ತಂಡ ಆಗಲೇ ಎತ್ತಿದ್ದಾಗ ಗಾಳಿ ಬಂತು, ಓಡುವ ಆಜ್ಞೆ ಇನ್ನೊಂದು ತಂಡವನ್ನೂ ಎತ್ತಿಬಿಟ್ಟಿತು. ನಿಂತ ಜಿರಳೆಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೆ, ನಡೆಯುತ್ತಿರುವ ಜಿರಳೆಗೂ ಗಾಳಿ ತಾಗಬಹುದು ಎಂಬುದು ಹೊಳೆದಿರಲಿಲ್ಲ. ಎದುರು ತಂಡ ನೆಲ ಮುಟ್ಟಿದೆಯೇ ಎಂದು ನೋಡಿಯೇ ಎತ್ತಬೇಕು ಎಂಬ ಒಂದು ಸಾಲು ಸೇರಿಸಿದೆ, ಸರಿಹೋಯಿತು. ಎರಡನೆಯದು ಇನ್ನೂ ನಯವಾದ ತಪ್ಪು. ನರಕೋಶದ ಗುಂಪು ಹಳೆಯ ಸಂಕೇತದಲ್ಲಿ ಮುಳುಗಿದ್ದಾಗ ಗಾಳಿಯ ಪ್ರಕ್ರಿಯೆ ಚಾನೆಲ್ ಖಾಲಿಯಾಗಲೆಂದು ಕಾಯುತ್ತ ನಿಂತಿತ್ತು. ಗಾಳಿ ಯಾರಿಗಾಗಿಯೂ ಕಾಯುವುದಿಲ್ಲವಲ್ಲ! ಚಾನೆಲ್ ತುಂಬಿದ್ದರೆ ಸಂದೇಶ ಕಳೆದುಹೋಗಲಿ ಎಂಬ ಆಯ್ಕೆ ಸ್ಪಿನ್‌ನಲ್ಲಿದೆ. ಅದನ್ನು ಹಾಕಿ ಮತ್ತೆ ಪರೀಕ್ಷಿಸಿ.

ಆರನೇ ಹೆಜ್ಜೆ: ಕಣಜವನ್ನು ಒಳಗೆ ಬಿಡಿ

ಆಂಪ್ಯುಲೆಕ್ಸ್ ಕಂಪ್ರೆಸ್ಸಾ ಎಂಬ ಹೊಳಪಿನ ಕಣಜ ಜಿರಳೆಯ ಎದೆಗೆ ಒಮ್ಮೆ, ಆಮೇಲೆ ತಲೆಯೊಳಗಿನ ನರಗಂಟುಗಳಿಗೆ ಚುಚ್ಚುತ್ತದೆ. ಆ ಜಿರಳೆಗೆ ಗಾಳಿ ಊದಿದರೂ ಓಡುವುದಿಲ್ಲ. ದೈತ್ಯ ನರಕೋಶಗಳು ಮಾತ್ರ ಮೊದಲಿನಂತೆಯೇ ಸಂಕೇತ ಕಳಿಸುತ್ತಿರುತ್ತವೆ. ಕಣಜ ಮೀಸೆ ಹಿಡಿದು ಎಳೆದರೆ ಅದರ ಹಿಂದೆ ನಡೆಯುತ್ತದೆ. ಅಂದರೆ ಕಾಲುಗಳೂ ಕೆಟ್ಟಿಲ್ಲ. ಕುಂದಿರುವುದು ತಾನಾಗಿ ನಡೆಯಬೇಕೆಂದು ತಲೆಯಿಂದ ಬರುವ ಒತ್ತಾಸೆ.

ಮಾದರಿಗೆ ಮೀಸೆ ಎಳೆಯುವ ಒಂದು ಪ್ರಕ್ರಿಯೆಯನ್ನೂ "ಒತ್ತಾಸೆ" ಎಂಬ ಒಂದು ಬಿಟ್ (ಆನ್ ಅಥವಾ ಆಫ್) ಅನ್ನೂ ಸೇರಿಸಿ. ಈ ಬಿಟ್ ಆರಿದಾಗ ಎರಡನೇ ನಿಯಮ ಮುರಿಯಬೇಕು. ಆಮೇಲೆ ಬೇಕೆಂದೇ ಒಂದು ಸುಳ್ಳು ನಿಯಮ ಬರೆಯಿರಿ: "ಒತ್ತಾಸೆ ಆರಿದ್ದರೆ ಜಿರಳೆ ಎಂದೂ ನಡೆಯುವುದಿಲ್ಲ." ಸ್ಪಿನ್ ಇದನ್ನು ಮುರಿದು, ಮೀಸೆ ಎಳೆದಾಗ ನಡೆಯುವ ದಾರಿಯನ್ನು ನಿಮ್ಮ ಮುಂದಿಡಬೇಕು. ಇಡದಿದ್ದರೆ ನೀವು ಆ ಬಿಟ್ಟನ್ನು ಕಾಲುತಂಡಗಳ ಒಳಗೇ ಹಾಕಿದ್ದೀರಿ ಎಂದರ್ಥ. ಅದನ್ನು ಅಲ್ಲಿಂದ ತೆಗೆದು, ದೈತ್ಯ ನರಕೋಶಗಳಿಗೂ ಕಾಲುಗಳಿಗೂ ನಡುವೆ ಇಟ್ಟು ಮತ್ತೆ ಓಡಿಸಿ.