ಪಾರ್ಸೆಲ್ ಮುಟ್ಟಿತಾ?

ನಮ್ಮ ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಒಂದು ಉದ್ದದ ನೋಟ್‌ಬುಕ್ ಉಂಟು. ಅದರಲ್ಲಿ ಐದು ಕಾಲಂ: ಹೆಸರು, ಪಿನ್, ತೂಕ, ಕೊಟ್ಟ ದಿನ, ಮುಟ್ಟಿದ ದಿನ. ಉಡುಪಿ ಹತ್ತಿರದ ಪರ್ಕಳದ ಕಡೆಯ ನಮ್ಮ ಮನೆಯಿಂದ ಎಂಟು ವರ್ಷಗಳಿಂದ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಮಜ್ಜಿಗೆ ಮೆಣಸು ಕಳಿಸುತ್ತಿದ್ದೇನೆ. ಹೆಚ್ಚಿನವು ಬೆಂಗಳೂರಿಗೆ, ಮುಂಬೈಗೆ. ಅಲ್ಲಿರುವ ನಮ್ಮ ಊರಿನವರಿಗೆ.

ಮೊದಲ ವರ್ಷ ಈ ಐದನೇ ಕಾಲಂ ಇರಲಿಲ್ಲ. ಕೌಂಟರಿನಲ್ಲಿ ರಸೀದಿ ಸಿಕ್ಕಿತು ಅಂದರೆ ನನ್ನ ಕೆಲಸ ಮುಗಿಯಿತು ಅಂತಲೇ ಅಂದುಕೊಂಡಿದ್ದೆ. ಒಂದು ದಿನ ಮುಂಬೈ ಹತ್ತಿರದ ಡೊಂಬಿವಿಲಿಯಿಂದ ವಯಸ್ಸಾದ ಅಮ್ಮ ಒಬ್ಬರು ಫೋನ್ ಮಾಡಿದರು. "ಮಗಾ, ಹಪ್ಪಳ ಬಂದು ಹದಿನೈದು ದಿನ ಆಯ್ತು. ಎಲ್ಲ ಪುಡಿ. ನಿನಗೆ ಬೇಜಾರಾಗುತ್ತದೆ ಅಂತ ಹೇಳಲಿಲ್ಲ" ಅಂದರು. ಆ ಪುಡಿಯನ್ನೇ ಕರಿದು ಅನ್ನಕ್ಕೆ ಹಾಕಿಕೊಂಡು ತಿಂದಿದ್ದರಂತೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನವೇ ಐದನೇ ಕಾಲಂ ಎಳೆದೆ.

ಮೊದಲು ಸರಿಮಾಡಿದ್ದು ಪ್ಯಾಕಿಂಗ್. ಹಪ್ಪಳವನ್ನು ನಮ್ಮಲ್ಲಿ ಐವತ್ತರ ಕಟ್ಟು ಮಾಡಿ ಬಾಳೆನಾರಿನಲ್ಲಿ ಕಟ್ಟುವುದು ಹಿಂದಿನಿಂದಲೂ ಬಂದ ಕ್ರಮ. ಮನೆಯ ಡಬ್ಬಿಯಲ್ಲಿಡಲು ಅದು ಸಾಕು. ಲಾರಿಯಲ್ಲಿ ಹೋಗುವ ಚೀಲಕ್ಕೆ ಸಾಲದು. ಈಗ ಕಟ್ಟಿನ ಮೇಲೆ, ಕೆಳಗೆ ಹಪ್ಪಳದ್ದೇ ಅಳತೆಗೆ ಕತ್ತರಿಸಿದ ದಪ್ಪ ರಟ್ಟು ಇಡುತ್ತೇನೆ. ಹಪ್ಪಳ ಚೂರೂ ಅಲ್ಲಾಡದ ಹಾಗೆ ಕಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡುತ್ತೇನೆ. ಕಟ್ಟುಗಳನ್ನು ಪೆಟ್ಟಿಗೆಯಲ್ಲಿ ಮಲಗಿಸುವುದಿಲ್ಲ, ಪುಸ್ತಕದ ಹಾಗೆ ನಿಲ್ಲಿಸುತ್ತೇನೆ. ನಿಲ್ಲಿಸಿದ ಹಪ್ಪಳ ಮೇಲಿನ ಭಾರ ತಡೆಯುತ್ತದೆ. ಮಲಗಿಸಿದ್ದು ನಡುವಿಗೆ ಬಿರಿಯುತ್ತದೆ. ಇದನ್ನು ನಾನು ಕಂಡುಕೊಂಡದ್ದು ಸುಮಾರು ಇನ್ನೂರು ಹಪ್ಪಳ ಒಡೆದ ಮೇಲೆ. ಪೆಟ್ಟಿಗೆ ಮುಚ್ಚಿದ ನಂತರ ಸೊಂಟದ ಎತ್ತರದಿಂದ ಒಮ್ಮೆ ಸಿಮೆಂಟ್ ನೆಲಕ್ಕೆ ಬಿಡುತ್ತೇನೆ. ಒಳಗೆ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟುವುದು. ದಾರಿಯಲ್ಲಿ ಬೀಳುವುದು ಹೇಗೂ ಉಂಟು. ಮೊದಲ ಸಲ ಬೀಳುವುದು ನನ್ನ ಕಣ್ಣೆದುರೇ ಆಗಲಿ.

ಪೆಟ್ಟಿಗೆಯ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ಹಪ್ಪಳ ಹಗುರ, ಜಾಗ ಜಾಸ್ತಿ ತಿನ್ನುತ್ತದೆ. ಕೊರಿಯರಿನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಆ ಲೆಕ್ಕದ ತೂಕ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಚಾರ್ಜು. ನಾನು ಮೊದಲು ಬಳಸುತ್ತಿದ್ದ ಪೆಟ್ಟಿಗೆ 40, 30, 20 ಸೆಂಟಿಮೀಟರ್. ಲೆಕ್ಕಕ್ಕೆ 4.8 ಕಿಲೋ. ಒಳಗಿದ್ದದ್ದು ಎರಡೂವರೆ ಕಿಲೋ ಮಾತ್ರ. ಈಗ 30, 25, 16ರ ಪೆಟ್ಟಿಗೆ, ಲೆಕ್ಕಕ್ಕೆ 2.4 ಕಿಲೋ. ಹಣವೂ ಉಳಿಯಿತು, ಖಾಲಿ ಜಾಗ ಇಲ್ಲದ್ದರಿಂದ ಒಡೆಯುವುದೂ ನಿಂತಿತು.

ಉಪ್ಪಿನಕಾಯಿಯ ಕಥೆ ಬೇರೆ. ಹೊಸ ಮಿಡಿ ಉಪ್ಪಿನಕಾಯಿ ಒಳಗೊಳಗೇ ಹುಳಿಯುತ್ತಾ ಇರುತ್ತದೆ. ಏಪ್ರಿಲ್ ಸೆಕೆಯಲ್ಲಿ ಪೌಚ್ ಬಲೂನಿನ ಹಾಗೆ ಉಬ್ಬುತ್ತದೆ. ಪೌಚ್ ಒಡೆದರೆ ನಮ್ಮದು ಮಾತ್ರ ಹಾಳಾಗುವುದಲ್ಲ, ಅದೇ ಚೀಲದಲ್ಲಿರುವ ಬೇರೆಯವರ ಕಾಗದಪತ್ರಕ್ಕೂ ಎಣ್ಣೆ. ಅದು ಯಾರದ್ದೋ ಕೆಲಸದ ಆರ್ಡರ್ ಆಗಿರಬಹುದು, ಅಲ್ವಾ? ಹಾಗಾಗಿ ಹೊಸ ಉಪ್ಪಿನಕಾಯಿಯನ್ನು ಭರಣಿಯಲ್ಲಿ ಹುಳಿಯುವುದು ಪೂರಾ ನಿಲ್ಲುವವರೆಗೆ ಬಿಟ್ಟೇ ಪ್ಯಾಕ್ ಮಾಡುತ್ತೇನೆ. ಗಾಜಿನ ಬಾಟಲಿ ಬಿಟ್ಟೇಬಿಟ್ಟೆ. ಸೀಲ್ ಇರುವ ಪ್ಲಾಸ್ಟಿಕ್ ಜಾಡಿ, ಅದರ ಮೇಲೊಂದು ದಪ್ಪ ಪೌಚ್, ಸುತ್ತ ಹಳೆ ಪೇಪರ್.

ಇಷ್ಟೆಲ್ಲ ಆದ ಮೇಲೂ ತೊಂದರೆ ಬಂದದ್ದು ವಿಳಾಸದಿಂದ. ನಿಜವಾಗಿ ಹೇಳಬೇಕೆಂದರೆ, ತಡವಾದ ಪಾರ್ಸೆಲ್‌ಗಳನ್ನು ನೋಟ್‌ಬುಕ್ಕಿನಲ್ಲಿ ಒಂದೊಂದೇ ಹುಡುಕುತ್ತಾ ಹೋದಾಗ, ಅರ್ಧಕ್ಕಿಂತ ಹೆಚ್ಚಿನವುಗಳ ತಪ್ಪು ನಾನು ಬರೆದ ಚೀಟಿಯಲ್ಲೇ ಇತ್ತು.

ನಮ್ಮ ಹಳ್ಳಿಯಲ್ಲಿ ವಿಳಾಸ ಅಂದರೆ ಮನೆಯ ಹೆಸರು. ಗರಡಿ ಹತ್ತಿರ, ಗುತ್ತಿನ ಮನೆಯ ಪಕ್ಕ ಅಂತ ಬರೆದರೂ ಸಾಕು, ನಮ್ಮ ಪೋಸ್ಟ್‌ಮ್ಯಾನ್ ಅಂಗಳಕ್ಕೇ ಬರುತ್ತಾರೆ. ಯಾರ ಮಗಳು ಯಾವ ಊರಿಗೆ ಹೋಗಿದ್ದಾಳೆ ಅಂತಲೂ ಅವರಿಗೆ ಗೊತ್ತು. ನಾನು ಆ ಅಭ್ಯಾಸದಲ್ಲೇ ಬೆಂಗಳೂರಿಗೂ ಬರೆಯುತ್ತಿದ್ದೆ. ಅಲ್ಲಿ ಚೀಟಿ ಹಿಡಿದು ಬರುವವರಿಗೆ ಮನೆಯವರ ಪರಿಚಯ ಇರುವುದಿಲ್ಲ. ನಮ್ಮ ಪೋಸ್ಟ್‌ಮ್ಯಾನ್ ತಲೆಯಲ್ಲಿ ಏನೆಲ್ಲ ಉಂಟೋ ಅದೆಲ್ಲ ಅಲ್ಲಿ ಚೀಟಿಯಲ್ಲೇ ಇರಬೇಕು.

ಈಗ ಗಿರಾಕಿಗಳಿಗೆ ನಾಲ್ಕು ಮಾತು ಕೇಳದೆ ಪೆಟ್ಟಿಗೆ ಮುಚ್ಚುವುದಿಲ್ಲ. ಗೇಟಿನ ಮೇಲೆ ಯಾರ ಹೆಸರಿದೆ? ಎಷ್ಟನೇ ಮಹಡಿ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಅವರದ್ದೇ ಫೋನ್ ನಂಬರ್ ಯಾವುದು? ಕೊನೆಯದ್ದು ಎಲ್ಲಕ್ಕಿಂತ ಮುಖ್ಯ. ದುಡ್ಡು ಕೊಡುವುದು ದುಬೈಯಲ್ಲಿರುವ ಮಗ, ಪಾರ್ಸೆಲ್ ಹೋಗುವುದು ಮಂಗಳೂರಿನ ಬಿಜೈಯಲ್ಲಿರುವ ಅಮ್ಮನಿಗೆ. ನಾನು ಮಗನ ನಂಬರ್ ಬರೆದರೆ ಬಾಗಿಲಿಗೆ ಬಂದವರು ದುಬೈಗೆ ಫೋನ್ ಮಾಡಬೇಕಾಗುತ್ತದೆ. ಈಗಂತೂ ಸ್ಪೀಡ್ ಪೋಸ್ಟಿನಲ್ಲಿ 2025ರ ಅಕ್ಟೋಬರ್‌ನಿಂದ ಓಟಿಪಿ ಹೇಳಿದರೆ ಮಾತ್ರ ಕೊಡುವ ಸೌಲಭ್ಯ ಬಂದಿದೆ. ಅದು ಬೇಕೆಂದರೆ ಐದು ರೂಪಾಯಿ ಮತ್ತು ಜಿಎಸ್‌ಟಿ. ಒಳ್ಳೆಯದೇ. ಆದರೆ ಓಟಿಪಿ ದುಬೈಯ ಫೋನಿಗೆ ಹೋಗಿ ಅಮ್ಮ ಬಾಗಿಲಲ್ಲಿ ನಿಂತರೆ ಏನು ಪ್ರಯೋಜನ?

ಪಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1972ರಲ್ಲಿ ಬಂದ ಈ ಆರು ಅಂಕೆಗಳನ್ನು ನಾವು ಸುಮ್ನೆ ಕೊನೆಯಲ್ಲಿ ಬರೆಯುತ್ತೇವೆ. ಪಾರ್ಸೆಲ್ ವಿಂಗಡಿಸುವ ಕಡೆ ಮೊದಲು ನೋಡುವುದೇ ಅದನ್ನು. ಮೊದಲ ಮೂರು ಅಂಕೆ ಅದು ಯಾವ ಕಡೆಯ ಚೀಲಕ್ಕೆ ಹೋಗಬೇಕು ಅಂತ ಹೇಳುತ್ತದೆ. ಕೊನೆಯ ಮೂರು ಯಾವ ಅಂಚೆ ಕಚೇರಿ ಅಂತ. ಉಡುಪಿ 576101, ಕುಂಜಿಬೆಟ್ಟು 576102, ಮಣಿಪಾಲ 576104. ಹತ್ತು ನಿಮಿಷದ ದಾರಿಯಲ್ಲೇ ಮೂರು ನಂಬರ್. ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿರುವ ಹುಡುಗನೊಬ್ಬನಿಗೆ ಅವನ ಅಜ್ಜಿ ನನ್ನಿಂದ ಮೆಣಸು ಕಳಿಸಿದ್ದರು. ವಿಳಾಸದಲ್ಲಿ ಸುರತ್ಕಲ್ ಅಂತ ಇತ್ತು, ನಾನು ಸುರತ್ಕಲ್ಲಿನ 575014 ಹಾಕಿದೆ. ಕಾಲೇಜಿನದ್ದು ಶ್ರೀನಿವಾಸನಗರ, 575025. ಒಂದೂವರೆ ಗಂಟೆಯಲ್ಲಿ ಬಸ್ಸಿನಲ್ಲಿ ಹೋಗಿ ಕೊಡಬಹುದಾದ ಪಾರ್ಸೆಲ್, ಮುಟ್ಟಲು ಎರಡು ದಿನ ಹೆಚ್ಚು ತೆಗೆದುಕೊಂಡಿತು. ತಪ್ಪು ಪೂರಾ ನನ್ನದು.

ಬಸ್ಸಿನ ಮಾತು ಬಂತು ನೋಡಿ. ಉಡುಪಿಯಿಂದ ಮಂಗಳೂರಿಗೆ ಅದೇ ದಿನ ಮುಟ್ಟಬೇಕಾದದ್ದನ್ನು ನಾನು ಈಗಲೂ ಎಕ್ಸ್‌ಪ್ರೆಸ್ ಬಸ್ಸಿಗೇ ಕೊಡುವುದು. ಕಂಡಕ್ಟರ್ ಕೈಗೆ ಪೆಟ್ಟಿಗೆ, ಬಾಡಿಗೆ. ಬಸ್ಸಿನ ಹೆಸರು, ನಂಬರಿನ ಫೋಟೋ ತೆಗೆದು ಗಿರಾಕಿಗೆ ವಾಟ್ಸಾಪ್ ಮಾಡುತ್ತೇನೆ. ಅವರು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಳಿಸಿಕೊಳ್ಳುತ್ತಾರೆ. ಇದಕ್ಕೆ ಟ್ರ್ಯಾಕಿಂಗ್ ಇಲ್ಲ. ಆದರೂ ಇಷ್ಟು ವರ್ಷದಲ್ಲಿ ಒಂದು ಪೆಟ್ಟಿಗೆಯೂ ತಪ್ಪಿಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ, ನಡುವೆ ಎಲ್ಲೂ ಇಟ್ಟು ಮರೆಯುವ ಜಾಗವೇ ಇಲ್ಲ.

ಇನ್ನು ನನಗೆ ತುಂಬ ನೋವು ಕೊಟ್ಟ ಘಟನೆ. ಮೂರು ವರ್ಷದ ಹಿಂದೆ ಒಂದು ಖಾಸಗಿ ಕೊರಿಯರಿನಲ್ಲಿ ಬೆಂಗಳೂರಿಗೆ ದೊಡ್ಡ ಪೆಟ್ಟಿಗೆ ಕಳಿಸಿದ್ದೆ. ಸೀಮಂತಕ್ಕೆ ಅಂತ ಆರ್ಡರ್. ನಾಲ್ಕನೇ ದಿನ ಟ್ರ್ಯಾಕಿಂಗಿನಲ್ಲಿ "ಬಾಗಿಲು ಹಾಕಿತ್ತು" ಅಂತ ಬಂತು. ಗಿರಾಕಿ ಇಡೀ ದಿನ ಮನೆಯಲ್ಲೇ ಇದ್ದರು, ಯಾರೂ ಬಂದಿರಲಿಲ್ಲ. ಮರುದಿನವೂ ಅದೇ ಮಾತು. ಕೊರಿಯರಿನವರ ಇಲ್ಲಿನ ಆಫೀಸಿಗೆ ಮೂರು ಸಲ ಹೋದೆ. "ಅಲ್ಲಿ ಕೇಳಿ" ಅಂದರು. ಹತ್ತೊಂಬತ್ತನೇ ದಿನ ಪೆಟ್ಟಿಗೆ ನನ್ನ ಮನೆಗೇ ವಾಪಸ್ ಬಂತು. ಬಿಚ್ಚಿದರೆ ಹಪ್ಪಳದ ಅಂಚಿಗೆಲ್ಲ ಬೂಸ್ಟು. ಸೀಮಂತ ಮುಗಿದು ವಾರ ಆಗಿತ್ತು.

ದುಡ್ಡು ವಾಪಸ್ ಮಾಡಿದೆ, ಆಮೇಲೆ ಬೇರೆ ಹಪ್ಪಳವನ್ನೂ ಕಳಿಸಿದೆ. ಅದರಿಂದ ಆ ದಿನ ವಾಪಸ್ ಬರುವುದಿಲ್ಲ, ಗೊತ್ತು. ಆದರೆ ನಾನು ಆಗ ಮಾಡದೇ ಹೋದ ಒಂದು ಕೆಲಸ ಇತ್ತು. ಮೊದಲ ಸಲ "ಬಾಗಿಲು ಹಾಕಿತ್ತು" ಅಂತ ಕಂಡ ದಿನವೇ ಲಿಖಿತ ದೂರು ಕೊಟ್ಟು ನಂಬರ್ ತೆಗೆದುಕೊಳ್ಳಬೇಕಿತ್ತು. ನಾನು ಬರೀ ಬಾಯಿಮಾತಲ್ಲಿ ಕೇಳುತ್ತಾ ಕಳೆದೆ. ಬಾಯಿಮಾತಿಗೆ ದಾಖಲೆ ಇಲ್ಲ. ಈಗ ಪ್ರತಿ ಪೆಟ್ಟಿಗೆಯನ್ನೂ ತಕ್ಕಡಿಯ ಮೇಲಿಟ್ಟು, ಚೀಟಿ ಕಾಣುವ ಹಾಗೆ ಫೋಟೋ ತೆಗೆಯುತ್ತೇನೆ. ಸುಳ್ಳು ಷರಾ ಬಂದರೆ ಅದೇ ದಿನ ದೂರು. ಅವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನೀವು ಪಾರ್ಸೆಲ್ ತರಿಸುವವರಾದರೂ ಇದು ನೆನಪಿರಲಿ: ಆ ಹೊತ್ತಿನಲ್ಲಿ ನೀವು ಮನೆಯಲ್ಲಿದ್ದದ್ದಕ್ಕೆ ಏನಾದರೂ ಗುರುತು ಇದ್ದರೆ, ಗೇಟಿನ ಕ್ಯಾಮೆರಾ, ಸೆಕ್ಯುರಿಟಿಯವರ ಪುಸ್ತಕ, ಅದನ್ನು ಕೂಡಲೇ ತೆಗೆದಿಟ್ಟುಕೊಳ್ಳಿ.

ಪರಿಹಾರದ ಲೆಕ್ಕವನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ಸ್ಪೀಡ್ ಪೋಸ್ಟ್ ಕಳೆದುಹೋದರೆ ಸಿಗುವುದು ನಾವು ಕಟ್ಟಿದ ಚಾರ್ಜಿನ ಎರಡರಷ್ಟು ಅಥವಾ 1000 ರೂಪಾಯಿ, ಎರಡರಲ್ಲಿ ಕಡಿಮೆಯದ್ದು. ಒಳಗಿನ ಸಾಮಾನಿನ ಬೆಲೆ ಲೆಕ್ಕಕ್ಕಿಲ್ಲ. ಬೆಲೆಬಾಳುವುದಾದರೆ ವಿಮೆ ಮಾಡಿಸಬೇಕು. ನಾನು ದೊಡ್ಡ ಆರ್ಡರ್ ಬಂದರೆ ಎರಡು ಪೆಟ್ಟಿಗೆ ಮಾಡಿ ಎರಡು ದಿನ ಕಳಿಸುತ್ತೇನೆ. ಹಳೆಯ ಗಿರಾಕಿಗಳು ಈಗಲೂ "ರಿಜಿಸ್ಟರ್ ಮಾಡಿ ಕಳಿಸಿ" ಅನ್ನುತ್ತಾರೆ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನ ಜೊತೆ ಸೇರಿಹೋಗಿದೆ ಅಂತ ಅವರಿಗೆ ವಿವರಿಸುವುದೂ ನನ್ನ ಕೆಲಸವೇ ಆಗಿದೆ.

ಕೊಡುವ ಹೊತ್ತೂ ನೋಡಬೇಕು. ನಮ್ಮ ಅಂಚೆ ಕಚೇರಿಯಿಂದ ಚೀಲ ಎಷ್ಟು ಗಂಟೆಗೆ ಹೊರಡುತ್ತದೆ ಅಂತ ಒಮ್ಮೆ ಕೇಳಿ ಬರೆದಿಟ್ಟುಕೊಂಡೆ. ಚೀಲ ಹೋದ ಅರ್ಧ ಗಂಟೆಗೆ ಕೊಟ್ಟ ಪೆಟ್ಟಿಗೆ ಮರುದಿನದವರೆಗೆ ಅಲ್ಲೇ. ಶನಿವಾರ ಹಾಗೆ ಕೊಟ್ಟರೆ ಸೋಮವಾರದವರೆಗೆ. ಹಾಗಾಗಿ ನನ್ನದು ಸೋಮವಾರದಿಂದ ಬುಧವಾರದವರೆಗೆ, ಬೆಳಿಗ್ಗೆ ಹೊತ್ತು. ಚೀಟಿಯ ಮೇಲೆ ಟೇಪ್ ಅಂಟಿಸುತ್ತೇನೆ, ಮಳೆಗೆ ಶಾಯಿ ಹರಡಬಾರದಲ್ಲ. ಕೌಂಟರಿನವರ ಬಾರ್‌ಕೋಡಿಗೆ ಮಾತ್ರ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಡುತ್ತೇನೆ. ಅದರ ಮೇಲೆ ಟೇಪ್ ಬಂದರೆ ಹೊಳೆದು ಸ್ಕ್ಯಾನ್ ಆಗಲು ಕಷ್ಟ.

ನಮ್ಮ ಮಳೆಗಾಲದ ಎದುರು ಮಾತ್ರ ಯಾರ ಜಾಣತನವೂ ನಡೆಯುವುದಿಲ್ಲ. 2024ರ ಜುಲೈ ಮರೆಯಲು ಸಾಧ್ಯವೇ ಇಲ್ಲ. 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್. ಅದೇ ತಿಂಗಳು ಸಕಲೇಶಪುರದ ದೋಣಿಗಾಲ್ ಹತ್ತಿರ ಮಣ್ಣು ಕುಸಿದು ಶಿರಾಡಿ ದಾರಿಗೂ ತೊಂದರೆ. 26ಕ್ಕೆ ಎಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಬೆಂಗಳೂರು ರೈಲು ನಿಂತಿತು. ಶಿರೂರಿನಲ್ಲಿ ಜೀವಗಳೇ ಹೋಗಿದ್ದವು. ಆ ಹೊತ್ತಿನಲ್ಲಿ ಹಪ್ಪಳ ತಡವಾಯಿತು ಅಂತ ಯಾರನ್ನೂ ಕೇಳುವ ಮನಸ್ಸಾಗಲಿಲ್ಲ. ನಾನು ಹೊಸ ಬುಕಿಂಗ್ ನಿಲ್ಲಿಸಿದೆ. ದಾರಿಯಲ್ಲಿದ್ದ ಏಳು ಪೆಟ್ಟಿಗೆಯವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಎಲ್ಲಿ ನಿಂತಿರಬಹುದು ಅಂತ ಹೇಳಿದೆ. ಅವರು ಕೇಳುವ ಮೊದಲೇ ಹೇಳಿದೆ. ಒಬ್ಬರೂ ಬೇಸರ ಮಾಡಲಿಲ್ಲ. "ಮಾರಾಯ್ತಿ, ನಿಮ್ಮಲ್ಲಿ ಎಲ್ಲ ಸರಿ ಉಂಟಾ?" ಅಂತ ನನ್ನನ್ನೇ ವಿಚಾರಿಸಿದರು.

ಅಂದಿನಿಂದ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಹಪ್ಪಳ ಕಳಿಸುವುದಿಲ್ಲ, ಉಪ್ಪಿನಕಾಯಿ ಮಾತ್ರ. ಮುಟ್ಟಲು ಎಷ್ಟು ದಿನ ಅಂತ ಕೇಳಿದರೆ ಮಾಮೂಲಿಗಿಂತ ಮೂರು ದಿನ ಸೇರಿಸಿಯೇ ಹೇಳುತ್ತೇನೆ. ಡೊಂಬಿವಿಲಿಯ ಅಮ್ಮನಿಗೆ ಮಾತ್ರ ಜೋರು ಮಳೆಯ ಆಟಿ ತಿಂಗಳಲ್ಲೂ (ಜುಲೈ-ಆಗಸ್ಟ್) ಹಪ್ಪಳ ಬೇಕು. ಅವರಿಗೆ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಸುತ್ತ ಎರಡು ಸುತ್ತು ಟೇಪ್ ಎಳೆದು ಕಳಿಸುತ್ತೇನೆ. ಖಾಲಿ ಡಬ್ಬಿಯನ್ನು ಅವರು ಊರಿಗೆ ಬರುವವರ ಕೈಯಲ್ಲಿ ವಾಪಸ್ ಕಳಿಸುತ್ತಾರೆ, ತೊಳೆದು, ಒಣಗಿಸಿ.