ಕೋರೆಹಲ್ಲಿನ ಬೇರು ನೋಡಿ ಕ್ಲಿಪ್ಪಿನ ಸಮಯ ಹೇಳುವುದು

ಏಪ್ರಿಲ್ ರಜೆ ಶುರುವಾದರೆ ಮಂಗಳೂರು, ಮಣಿಪಾಲದ ಡೆಂಟಲ್ ಕಾಲೇಜುಗಳ ಓಪಿಡಿಗೆ ಉಬ್ಬುಹಲ್ಲಿನ ಮಕ್ಕಳು ಬರುತ್ತಾರೆ. ಹೆತ್ತವರ ಮಾತು ಸಾಮಾನ್ಯವಾಗಿ ಒಂದೇ: "ಎಸ್ಸೆಸ್ಸೆಲ್ಸಿ ಮುಗಿಯಲಿ ಡಾಕ್ಟ್ರೇ, ಆಮೇಲೆ ಕ್ಲಿಪ್ ಹಾಕುವ." ಬರೀ ಹಲ್ಲು ಓರೆಕೋರೆಯಾಗಿದ್ದರೆ ಕಾಯಬಹುದು. ಕೆಳದವಡೆಯೇ ಹಿಂದೆ ಉಳಿದಿದ್ದರೆ ಅದನ್ನು ಮುಂದೆ ತರುವ ಟ್ವಿನ್ ಬ್ಲಾಕ್‌ನಂಥ ಸಾಧನಕ್ಕೆ ಬೆಳವಣಿಗೆಯ ಜಿಗಿತ, ಅಂದರೆ ಮೈ ದಿಢೀರನೆ ಬೆಳೆಯುವ ಕಾಲ, ಬೇಕು. ಅದರ ತುದಿ ಹುಡುಗಿಯರಲ್ಲಿ ಸುಮಾರು 12ಕ್ಕೆ, ಹುಡುಗರಲ್ಲಿ 14ರ ಆಸುಪಾಸಿಗೆ. ಹತ್ತನೇ ಕ್ಲಾಸು ಮುಗಿಯುವಾಗ ಹುಡುಗಿಯ ಬಸ್ಸು ಹೋಗಿಯಾಗಿರುತ್ತದೆ.

ಜನ್ಮದಿನಾಂಕವನ್ನು ನಂಬಬೇಡಿ, ಒಂದೇ ಬೆಂಚಿನ ಇಬ್ಬರ ನಡುವೆ ಎರಡು ವರ್ಷದ ಅಂತರ ಇರಬಹುದು. ಬೇರೆ ಕಾರಣಕ್ಕೆ ತೆಗೆದ ಓಪಿಜಿ (ಎಲ್ಲ ಹಲ್ಲು ಒಟ್ಟಿಗೆ ಕಾಣುವ ಎಕ್ಸ್‌ರೇ) ಇದ್ದರೆ ಅದರಲ್ಲೇ ಎಡಗಡೆಯ ಕೆಳಗಿನ ಕೋರೆಹಲ್ಲು ಹುಡುಕಿ. ಸಂಶೋಧಕ ಡೆಮಿರ್ಜಿಯನ್ 1973ರಲ್ಲಿ ಕೊಟ್ಟ, ಹಲ್ಲು ಬೆಳೆಯುವ ಎ ಇಂದ ಎಚ್‌ವರೆಗಿನ ಎಂಟು ಹಂತಗಳಲ್ಲಿ ನಮಗೆ ಬೇಕಾದ್ದು ಕೊನೆಯ ನಾಲ್ಕು. ಬೇರು ಕಿರೀಟಕ್ಕಿಂತ (ಹಲ್ಲಿನ ಮೇಲಿನ ಭಾಗಕ್ಕಿಂತ) ಗಿಡ್ಡವಿದ್ದರೆ ಇ. ಬೇರು ಕಿರೀಟದಷ್ಟೋ ಅದಕ್ಕಿಂತ ಉದ್ದವೋ ಆಗಿ, ತುದಿ ಇನ್ನೂ ಆಲಿಕೆಯಂತೆ ಅಗಲವಿದ್ದರೆ ಎಫ್. ಬೇರಿನ ಒಳಗಿನ ಕಾಲುವೆಯ ಗೋಡೆಗಳು ಸಮಾನಾಂತರವಾಗಿ, ತುದಿಯಲ್ಲಿ ಸಣ್ಣ ಬಾಯಿ ಮಾತ್ರ ಉಳಿದಿದ್ದರೆ ಜಿ. ತುದಿ ಮುಚ್ಚಿ, ಸುತ್ತಲಿನ ಕಪ್ಪು ಗೆರೆ ಎಲ್ಲ ಕಡೆ ಒಂದೇ ದಪ್ಪವಿದ್ದರೆ ಎಚ್.

ಎಫ್‌ವರೆಗೆ ಸಾಮಾನ್ಯವಾಗಿ ಜಿಗಿತಕ್ಕೆ ಮೊದಲಿನ ಕಾಲ. ಜಿ ಅಂದರೆ ಅದು ಹತ್ತಿರದಲ್ಲಿದೆ ಅಥವಾ ನಡೆಯುತ್ತಿದೆ. ಎರಡನೇ ದವಡೆಹಲ್ಲನ್ನೂ ನೋಡಿ, ಅದರ ಹಿಂದಿನ ಬೇರಿನಿಂದ ಹಂತ ಹೇಳಿ. ಕೋರೆಹಲ್ಲಿನ ಜೊತೆ ಅದೂ ಎಚ್ ಆಗಿದ್ದರೆ ಜಿಗಿತದ ತುದಿ ದಾಟಿದೆ ಎಂದೇ ಲೆಕ್ಕ.

ತಪ್ಪುವುದು ಎಫ್ ಮತ್ತು ಜಿ ನಡುವೆ. ಮಗು ಕತ್ತು ಕುಸಿದು ನಿಂತಿದ್ದರೆ ಬೆನ್ನುಮೂಳೆಯ ಬಿಳಿ ನೆರಳು ಮುಂದಿನ ಹಲ್ಲುಗಳ ಮೇಲೆ ಬಿದ್ದು ಬೇರಿನ ತುದಿ ಮಸುಕಾಗುತ್ತದೆ. ಎಕ್ಸ್‌ರೇ ಯಂತ್ರದ ಕಚ್ಚುವ ಕಡ್ಡಿಯಲ್ಲಿರುವ ತೋಡಿಗಿಂತ ಮುಂದೆ ಕಚ್ಚಿದರೆ ಹಲ್ಲು ಸಪೂರ ಕಾಣುತ್ತದೆ, ಹಿಂದೆ ಕಚ್ಚಿದರೆ ಅಗಲ. ಆದ್ದರಿಂದ ಮಿಲಿಮೀಟರ್ ಅಳೆಯಬೇಡಿ, ಅದೇ ಹಲ್ಲಿನ ಕಿರೀಟಕ್ಕೆ ಬೇರನ್ನು ಹೋಲಿಸಿ. ಸಂಶಯ ಉಳಿದರೆ ಇನ್ನೊಂದು ಓಪಿಜಿ ಬೇಡ. ಹೋಲ್ಡರ್ ಇಟ್ಟು ಆ ಒಂದು ಹಲ್ಲಿನ ಚಿಕ್ಕ ಫಿಲ್ಮ್ ಸಾಕು.

ಹಲ್ಲು "ಇನ್ನೂ ಆಗಿಲ್ಲ" ಎಂದಾಗ ನಂಬಬಹುದು. "ಈಗಲೇ" ಎಂದಾಗ ಅಷ್ಟು ನಂಬಿಕೆ ಸಲ್ಲದು. ಹಾರ್ಮೋನಿಗೆ ಎಲುಬಿನಷ್ಟು ಹಲ್ಲು ಸ್ಪಂದಿಸುವುದಿಲ್ಲ. ಹೇಗೂ ತೆಗೆಯುವ ಲ್ಯಾಟರಲ್ ಸೆಫಲೋಗ್ರಾಮ್‌ನಲ್ಲಿ (ಪಕ್ಕದಿಂದ ತೆಗೆಯುವ ತಲೆಯ ಎಕ್ಸ್‌ರೇ) ಕತ್ತಿನ ಮೂಳೆ ನೋಡಿ: ಎರಡನೆಯ, ಮೂರನೆಯ ಮೂಳೆಗಳ ಕೆಳಅಂಚು ಒಳಗೆ ಬಾಗಿ, ನಾಲ್ಕನೆಯದು ಇನ್ನೂ ಚಪ್ಪಟೆಯಿದ್ದರೆ ಸಾಧನ ಕೊಡುವ ಹೊತ್ತು. ಹುಡುಗಿಗೆ ಮುಟ್ಟು ಶುರುವಾಗಿದೆಯೇ ಎಂದು ತಾಯಿಯ ಹತ್ತಿರ ಕೇಳಿ. ಆಗಿದ್ದರೆ ಜಿಗಿತದ ತುದಿ ಬಹುಶಃ ಹಿಂದೆ ಬಿತ್ತು.

ಮೇಲ್ದವಡೆ ಹಿಂದಿದ್ದು, ಅದನ್ನು ಮುಂದಕ್ಕೆ ಎಳೆಯುವ ಫೇಸ್‌ಮಾಸ್ಕ್ ಸಾಧನ ಬೇಕಾದ ಮಗುವಿಗೆ ಈ ಕಾಯುವಿಕೆ ಅನ್ವಯಿಸದು. ಹಾಲುಹಲ್ಲು ಇರುವಾಗಲೇ ಕಳುಹಿಸಿ.

ಇ, ಎಫ್ ಇದ್ದವರನ್ನು ಸುಮ್ಮನೆ ಮನೆಗೆ ಅಟ್ಟಬೇಡಿ. ಮೂರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿಗೆ ಬರಿಗಾಲಲ್ಲಿ ನಿಲ್ಲಿಸಿ ಎತ್ತರದ ಗೆರೆ ಎಳೆದು ತಾರೀಕು ಬರೆಯಲು ಹೇಳಿ. ಗೆರೆಗಳ ನಡುವಿನ ಅಂತರ ಹಿಂದಿಗಿಂತ ಹೆಚ್ಚಿದರೆ ಮುಂದಿನ ರಜೆಗೆ ಕಾಯದೆ ಬರಲಿ.